ಕಡಲ ತೊಟ್ಟಿಯ ಹಳೆಯ ಮರಳು

ಹಲವು ವರ್ಷ ನಡೆದ ಉಪ್ಪುನೀರಿನ ಅಕ್ವೇರಿಯಂನ ತಳದ ಮರಳನ್ನು ಬದಲಿಸಲು ಹೊರಟವರು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಮರಳಿನ ಜೊತೆಗೆ ಅದರಲ್ಲಿ ನೆಲೆಸಿರುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಹೊರಟುಹೋದರೆ ತೊಟ್ಟಿಯ ಗತಿ ಏನು? ಪ್ರಶ್ನೆ ಸಹಜವಾದದ್ದೇ. ಹೊಸ ತೊಟ್ಟಿಯನ್ನು ಕಟ್ಟಿದವರೆಲ್ಲ ಮೊದಲ ಕೆಲವು ವಾರ ಮೀನಿಗೆ ವಿಷವಾದ ಅಮೋನಿಯಾ ಏರಿ, ಆಮೇಲೆ ನೈಟ್ರೈಟ್ ಏರಿ, ಕೊನೆಗೆ ಎರಡೂ ಇಳಿದು ನೈಟ್ರೇಟ್ ಮಾತ್ರ ಉಳಿಯುವುದನ್ನು ಕಾದು ಕುಳಿತವರೇ. ಮೀನು, ಹವಳಗಳೆಲ್ಲ ಒಳಗಿರುವಾಗ ಆ ಸ್ಥಿತಿ ಮರಳಿ ಬರುವುದು ಯಾರಿಗೂ ಬೇಡ. ಆದರೆ ನನ್ನ ತೊಟ್ಟಿಯ ಮರಳನ್ನು ಪೂರ್ತಿಯಾಗಿ ಬದಲಿಸಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಹೊರಗೆ ಹೋಗುವ ಬ್ಯಾಕ್ಟೀರಿಯಾದಿಂದ ಆಗುವ ನಷ್ಟ ಸಣ್ಣದು, ಆ ಮರಳು ವರ್ಷಗಟ್ಟಲೆ ತನ್ನೊಳಗೆ ಹಿಡಿದಿಟ್ಟುಕೊಂಡದ್ದು ಒಮ್ಮೆಲೇ ನೀರಿಗೆ ಬಿಡುಗಡೆಯಾದರೆ ಆಗುವ ನಷ್ಟ ಬಹಳ ದೊಡ್ಡದು. ಇದನ್ನು ಒಪ್ಪಿಕೊಂಡರೆ ಕೆಲಸದ ಕ್ರಮ, ವೇಗ, ಬಳಸುವ ಪೈಪಿನ ಗಾತ್ರದವರೆಗೆ ಎಲ್ಲವೂ ತಾವಾಗಿಯೇ ನಿರ್ಧಾರವಾಗುತ್ತವೆ.

ಬ್ಯಾಕ್ಟೀರಿಯಾದ ಲೆಕ್ಕವನ್ನು ಮೊದಲೇ ಮುಗಿಸಿಬಿಡುತ್ತೇನೆ. ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಜೀವಿಗಳಿಗೆ ಆಮ್ಲಜನಕ ಬೇಕು. ಮರಳಿನಲ್ಲಿ ಆಮ್ಲಜನಕ ಇಳಿಯುವುದು ಮೇಲಿನ ತೆಳುವಾದ ಪದರಕ್ಕಷ್ಟೇ. ಕಣ ಸಣ್ಣದಾದಷ್ಟೂ ಆ ಪದರ ತೆಳುವಾಗುತ್ತದೆ. ಸಾಕಷ್ಟು ಲೈವ್ ರಾಕ್ (ಜೀವಿಗಳು ನೆಲೆಸಿರುವ, ರಂಧ್ರಗಳುಳ್ಳ ಕಡಲ ಕಲ್ಲು) ಇರುವ, ಹಲವು ವರ್ಷಗಳಿಂದ ನಡೆಯುತ್ತಿರುವ ತೊಟ್ಟಿಯಲ್ಲಿ ಈ ಜೀವಿಗಳು ಕಲ್ಲಿನ ರಂಧ್ರಗಳಲ್ಲಿ, ಉಪಕರಣಗಳನ್ನು ಇಡುವ ಜೋಡಿ ತೊಟ್ಟಿಯಾದ ಸಂಪ್‌ನ ಗೋಡೆಗಳಲ್ಲಿ, ಪೈಪುಗಳ ಒಳಮೈಯಲ್ಲಿ, ನೀರು ಮುಟ್ಟುವ ಎಲ್ಲ ಗಟ್ಟಿ ಮೈಗಳ ಮೇಲೆ ಹರಡಿಕೊಂಡಿರುತ್ತವೆ. ಮರಳಿನ ಪಾಲು ಹೋದರೆ ಉಳಿದವು ಕೆಲವೇ ದಿನಗಳಲ್ಲಿ ಆ ಹೊರೆಯನ್ನು ಹೊರುವಷ್ಟು ಬೆಳೆಯುತ್ತವೆ. ಇದಕ್ಕೆ ಅಪವಾದಗಳಿವೆ. ಕಲ್ಲು ಬಹಳ ಕಡಿಮೆಯಿದ್ದು ಮೀನುಗಳೇ ಹೆಚ್ಚಿರುವ ತೊಟ್ಟಿಯಲ್ಲಿ ಮರಳಿನ ಪಾಲು ದೊಡ್ಡದು. ತಳದಲ್ಲಿ ಜಾಲರಿ ಹಾಸಿ ಅದರ ಮೇಲಿನ ಹರಳಿನ ಮೂಲಕವೇ ನೀರನ್ನು ಎಳೆಯುವ ಅಂಡರ್‌ಗ್ರಾವೆಲ್ ಫಿಲ್ಟರ್ ಇರುವ ಹಳೆಯ ತೊಟ್ಟಿಯಲ್ಲಂತೂ ಆ ಹರಳೇ ಫಿಲ್ಟರ್. ಅಂಥ ಕಡೆ ಬೇರೊಂದು ಫಿಲ್ಟರನ್ನು ಕಟ್ಟಿ, ಅದು ಪಳಗುವವರೆಗೆ ಕಾಯದೆ ತಳಕ್ಕೆ ಕೈಹಾಕುವಂತಿಲ್ಲ.

ಇನ್ನು ಮರಳಿನೊಳಗೆ ಏನಿದೆ ಎಂಬ ಮುಖ್ಯ ವಿಷಯ. ಮೀನು ತಿಂದು ಬಿಟ್ಟ ಆಹಾರ, ಮಲ, ಸತ್ತ ಪಾಚಿ, ಕಲ್ಲಿನಿಂದ ಉದುರುವ ಪುಡಿ ಇವೆಲ್ಲ ಸೇರಿದ ಗಸಿ ಕಣಗಳ ನಡುವೆ ಇಳಿದು ಕೂರುತ್ತದೆ. ಮೇಲಿನ ಪದರದಲ್ಲಿ ಆಮ್ಲಜನಕವನ್ನು ಬಳಸಿಕೊಂಡು ಕೊಳೆಯುವ ಕೆಲಸ ನಡೆಯುತ್ತದೆ. ಅದರ ಕೆಳಗೆ ಆಮ್ಲಜನಕ ಮುಗಿದಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಂಡು ಕೊನೆಗೆ ನೈಟ್ರೋಜನ್ ಅನಿಲವನ್ನು ಬಿಡುತ್ತವೆ. ಮರಳಿನಿಂದ ಆಗಾಗ ಏಳುವ ಸಣ್ಣ ಗುಳ್ಳೆಗಳಲ್ಲಿ ಇದೂ ಇರುತ್ತದೆ. ನೈಟ್ರೇಟೂ ಮುಗಿದ ಆಳದಲ್ಲಿ ಸಲ್ಫೇಟಿನ ಸರದಿ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ, ಎಂದರೆ ಸಿಹಿನೀರಿನ ತೊಟ್ಟಿಗೆ ಹೋಲಿಸಿದರೆ ಅದು ಮುಗಿಯದ ಭಂಡಾರವೇ ಸರಿ. ಅದನ್ನು ಬಳಸುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡನ್ನು ಹುಟ್ಟಿಸುತ್ತವೆ, ಆ ಸಲ್ಫೈಡ್ ಅಲ್ಲಿರುವ ಅಷ್ಟಿಷ್ಟು ಕಬ್ಬಿಣದೊಂದಿಗೆ ಕೂಡಿ ಕಪ್ಪು ಬಣ್ಣದ ಕಬ್ಬಿಣದ ಸಲ್ಫೈಡ್ ಆಗುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಿನಲ್ಲಿ ಕಾಲಿಟ್ಟವರಿಗೆ ಈ ಬಣ್ಣವೂ ಕೊಳೆತ ಮೊಟ್ಟೆಯ ಈ ವಾಸನೆಯೂ ಗೊತ್ತಿರುತ್ತವೆ. ಅಲ್ಲಿ ನಡೆಯುವುದೂ ಇದೇ ರಸಾಯನ. ಹೊರತೆಗೆದು ಬಕೆಟ್‌ನಲ್ಲಿಟ್ಟ ಕಪ್ಪು ಮರಳು ಗಾಳಿ ಸೋಕುತ್ತಿದ್ದಂತೆ ಮೆಲ್ಲಗೆ ಬೂದು, ಕಂದು ಬಣ್ಣಕ್ಕೆ ತಿರುಗುತ್ತದೆ. ಸಲ್ಫೈಡ್ ಆಮ್ಲಜನಕದೊಂದಿಗೆ ಕೂಡುತ್ತಿರುವುದಕ್ಕೆ ಅದೇ ಕಣ್ಣೆದುರಿನ ಸಾಕ್ಷಿ.

ಗಾಜಿನ ಹೊರಗಿನಿಂದ ಕಾಣುವ ಹಸಿರು, ನೇರಳೆ, ಕೆಂಪು ಪಟ್ಟಿಗಳನ್ನು ನೋಡಿ ಇಡೀ ಹಾಸು ಹಾಗೆಯೇ ಇದೆಯೆಂದು ಅನೇಕರು ಹೆದರುತ್ತಾರೆ. ಬೆಳಕು ಗಾಜಿನ ಮೂಲಕ ಮರಳಿನ ಅಂಚಿಗೆ ಬೀಳುವುದರಿಂದ ಬೆಳಕನ್ನು ಬಳಸುವ ಸಯನೋಬ್ಯಾಕ್ಟೀರಿಯಾ, ಗಂಧಕದ ಬ್ಯಾಕ್ಟೀರಿಯಾಗಳು ಅಲ್ಲಿ ಮಾತ್ರ ಹೀಗೆ ಸಾಲುಗಟ್ಟುತ್ತವೆ. ಒಂದು ಅಂಗುಲ ಒಳಗೆ ಹೋದರೆ ಆ ಬಣ್ಣಗಳು ಇರುವುದಿಲ್ಲ. ಮರಳಿನ ನಿಜವಾದ ಸ್ಥಿತಿ ತಿಳಿಯಬೇಕಾದರೆ ತೆಳುವಾದ ಗಟ್ಟಿ ಪೈಪನ್ನು ಹಾಸಿನ ನಡುವೆ ನೇರವಾಗಿ ಇಳಿಸಿ, ಮೇಲ್ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಒಂದು ಸಣ್ಣ ಕಂಬದಷ್ಟು ಮರಳನ್ನು ಹೊರತೆಗೆದು ಬಿಳಿ ತಟ್ಟೆಯ ಮೇಲೆ ಹರಡಿ ನೋಡಬೇಕು. ಕಪ್ಪು ಎಲ್ಲಿ ಶುರುವಾಗುತ್ತದೆ, ವಾಸನೆ ಎಷ್ಟಿದೆ, ಗಸಿ ಎಷ್ಟಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ಸಲ್ಫೈಡಿನ ಬಗ್ಗೆ ಇರುವ ಭಯ ಸುಳ್ಳಲ್ಲ, ಆದರೆ ಅದೊಂದೇ ಭಯವಲ್ಲ. ಕಡಲ ನೀರಿನ ಪಿಎಚ್ 8.1ರ ಆಸುಪಾಸಿನಲ್ಲಿ ಇರುವುದರಿಂದ ಸಲ್ಫೈಡಿನ ಹೆಚ್ಚಿನ ಪಾಲು ಕಡಿಮೆ ವಿಷಕಾರಿಯಾದ ಅಯಾನಿನ ರೂಪದಲ್ಲಿರುತ್ತದೆ, ಆಮ್ಲಜನಕ ತುಂಬಿದ ನೀರಿನಲ್ಲಿ ಅದು ಹೆಚ್ಚು ಹೊತ್ತು ಉಳಿಯುವುದೂ ಇಲ್ಲ. ಅಮೋನಿಯಾದ ವಿಷಯ ಇದಕ್ಕೆ ತದ್ವಿರುದ್ಧ. ಪಿಎಚ್ ಒಂದು ಅಂಕ ಏರಿದರೆ ವಿಷಕಾರಿ ರೂಪದ ಅಮೋನಿಯಾದ ಪಾಲು ಸುಮಾರು ಹತ್ತು ಪಟ್ಟು ಏರುತ್ತದೆ. ಆದ್ದರಿಂದ ತಳದ ನೀರಿನಲ್ಲಿ ಕೂಡಿಕೊಂಡಿದ್ದ ಅಮೋನಿಯಂ ಮೇಲೆ ಬಂದರೆ ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ಅದು ಹೆಚ್ಚು ಬೇಗ ಮೀನಿನ ಕಿವಿರನ್ನು ಸುಡುತ್ತದೆ. ಇದರ ಜೊತೆಗೆ ಎದ್ದ ಗಸಿ ಕೊಳೆಯುತ್ತ ನೀರಿನ ಆಮ್ಲಜನಕವನ್ನು ಹೀರುತ್ತದೆ. ಮರಳನ್ನು ಕದಡಿದ ರಾತ್ರಿ ಸಾಯುವ ಮೀನುಗಳು ಬಹುಮಟ್ಟಿಗೆ ಈ ಎರಡರಿಂದ ಸಾಯುತ್ತವೆ ಎಂಬುದು ನನ್ನ ತಿಳುವಳಿಕೆ, ಆಪಾದನೆ ಮಾತ್ರ ಸಲ್ಫೈಡಿನ ಮೇಲೆ ಬರುತ್ತದೆ. ಕೊನೆಯದು ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್. ಕಡಲ ತೊಟ್ಟಿಯ ಮರಳಾದ ಕ್ಯಾಲ್ಸಿಯಂ ಕಾರ್ಬೊನೇಟಿನ ಮೈಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ, ಸುತ್ತಲಿನ ನೀರಿನಲ್ಲಿ ಅದು ಕಡಿಮೆಯಾದಾಗ ಮತ್ತೆ ಬಿಡುತ್ತದೆ. ಹೀಗಾಗಿಯೇ ಹಳೆಯ ತೊಟ್ಟಿಗಳಲ್ಲಿ ಎಷ್ಟು ನೀರು ಬದಲಿಸಿದರೂ ಫಾಸ್ಫೇಟ್ ಕೆಲವೇ ದಿನಗಳಲ್ಲಿ ಹಿಂದಿನ ಮಟ್ಟಕ್ಕೇ ಮರಳುತ್ತದೆ.

ಗಸಿಯನ್ನು ಹೀಗೆ ಹಿಡಿದಿಡುವ, ಹವಳದ ಚೂರಿನ ಒರಟಾದ ಹಾಸು ತೊಟ್ಟಿಗಳಿಗೆ ಬಂದದ್ದಾದರೂ ಹೇಗೆ ಎಂಬುದಕ್ಕೂ ಒಂದು ಚರಿತ್ರೆಯಿದೆ. ಅಂಡರ್‌ಗ್ರಾವೆಲ್ ಫಿಲ್ಟರುಗಳ ಕಾಲದಲ್ಲಿ ನೀರು ಸರಾಗವಾಗಿ ಹರಿಯಲು ದೊಡ್ಡ ಕಣ ಬೇಕಿತ್ತು. ಆದ್ದರಿಂದ ಹವಳದ ಚೂರು, ಚಿಪ್ಪಿನ ಚೂರುಗಳೇ ಬಳಕೆಗೆ ಬಂದವು. 1961ರಲ್ಲಿ ಇಂಡೊನೇಷ್ಯಾದ ಲೀ ಚಿನ್ ಎಂಗ್ ಫಿಲ್ಟರನ್ನೇ ಬಿಟ್ಟು ಜೀವಂತ ಕಲ್ಲು, ಕಡಲ ನೀರು ಮತ್ತು ಗಾಳಿಯ ಗುಳ್ಳೆಗಳಿಂದ ತೊಟ್ಟಿಯನ್ನು ನಡೆಸುವ ಬಗೆಯನ್ನು ಬರೆದು ತಿಳಿಸಿದರು. 1980ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ಝಾನ್ ಝೋಬೇರ್ ತಳದಲ್ಲಿ ನೀರಿನ ಖಾಲಿ ಜಾಗವನ್ನು ಬಿಟ್ಟು, ಜಾಲರಿಯ ಮೇಲೆ ದಪ್ಪನೆಯ ಹಾಸನ್ನು ಹಾಕುವ ಪ್ಲೀನಮ್ ವಿಧಾನವನ್ನು ರೂಪಿಸಿದರು. ಮೊನಾಕೊದ ಸಮುದ್ರ ವಸ್ತುಸಂಗ್ರಹಾಲಯದ ಹವಳದ ತೊಟ್ಟಿಗಳಿಂದ ಅದು ಹೆಸರಾಯಿತು. ಆಮೇಲೆ ಅಮೆರಿಕದ ರಾನ್ ಶಿಮೆಕ್ ಮುಂತಾದವರು ಖಾಲಿ ಜಾಗದ ಗೊಡವೆಯೇ ಇಲ್ಲದೆ, ಸಕ್ಕರೆಯಷ್ಟು ನುಣುಪಾದ ಮರಳನ್ನು ನಾಲ್ಕು ಅಂಗುಲಕ್ಕೂ ಹೆಚ್ಚು ದಪ್ಪ ಹಾಕಿ ಅದರಲ್ಲಿ ಹುಳುಗಳನ್ನು ಸಾಕುವ ಆಳ ಹಾಸನ್ನು ಸಮರ್ಥಿಸಿದರು. 2005ರಲ್ಲಿ ಟೂನೆನ್ ಮತ್ತು ವೀ ಪ್ರಕಟಿಸಿದ ಪ್ರಯೋಗದಲ್ಲಿ ಪ್ಲೀನಮ್ ಇದ್ದದ್ದಕ್ಕೂ ಇಲ್ಲದ್ದಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಷ್ಟೆಲ್ಲ ವಾದಗಳ ಎಂಜಲು ಎಂಬಂತೆ ಅನೇಕ ತೊಟ್ಟಿಗಳಲ್ಲಿ ಉಳಿದುಕೊಂಡದ್ದು ಎರಡು ಅಂಗುಲದ ಹವಳದ ಚೂರಿನ ಹಾಸು. ಗಸಿಯನ್ನು ನುಂಗುವಷ್ಟು ಒರಟು, ಹುಳುಗಳು ಬಾಳಲಾರದಷ್ಟು ಒರಟು. ನನ್ನ ಮಟ್ಟಿಗೆ ಎಲ್ಲ ಆಯ್ಕೆಗಳಲ್ಲಿ ಕಡಿಮೆ ಗುಣವುಳ್ಳದ್ದು ಅದೇ.

ನನ್ನದು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿ; ಬೆಂಗಳೂರಿನ ಮನೆಯ ನಡುಕೋಣೆಯಲ್ಲಿದೆ. ಲೆಕ್ಕಕ್ಕೆ 340 ಲೀಟರ್ ಆದರೂ ಕಲ್ಲು ಮರಳುಗಳನ್ನು ಕಳೆದರೆ ಒಳಗಿರುವ ನೀರು 280 ಲೀಟರಿನ ಸುತ್ತಮುತ್ತ. ತಳದಲ್ಲಿದ್ದದ್ದು 3ರಿಂದ 5 ಮಿ.ಮೀ. ಗಾತ್ರದ ಹವಳದ ಚೂರು. ಬದಲಿಸಲು ಎರಡು ಕಾರಣಗಳಿದ್ದವು. ಒಂದು, ಫಾಸ್ಫೇಟ್ ಯಾವ ಉಪಾಯಕ್ಕೂ ಬಗ್ಗುತ್ತಿರಲಿಲ್ಲ. ಇನ್ನೊಂದು, ಮರಳನ್ನೇ ಬದುಕಾಗಿ ಮಾಡಿಕೊಂಡ ಮೀನುಗಳ ಮೇಲೆ ನನಗಿರುವ ಪ್ರೀತಿ. ಡೈಮಂಡ್ ಗೋಬಿ ಎಂದು ಅಂಗಡಿಗಳಲ್ಲಿ ಕರೆಯುವ ವ್ಯಾಲೆನ್ಸಿಯೆನ್ನಿಯಾ ಪ್ಯುಯೆಲ್ಲಾರಿಸ್ ಬಾಯಿ ತುಂಬ ಮರಳನ್ನು ತೆಗೆದುಕೊಂಡು, ಅದರಲ್ಲಿರುವ ಸಣ್ಣ ಜೀವಿಗಳನ್ನು ಉಳಿಸಿಕೊಂಡು, ಶುದ್ಧ ಮರಳನ್ನು ಕಿವಿರಿನಿಂದ ಹೊರಚೆಲ್ಲುತ್ತದೆ. ಹ್ಯಾಲಿಕೋಯಿರಸ್ ಜಾತಿಯ ಹಳದಿ ರ್‍ಯಾಸ್ ಮೀನು ಕತ್ತಲಾಗುತ್ತಿದ್ದಂತೆ ತಲೆ ಮುಂದೆ ಮಾಡಿ ಮರಳಿನೊಳಗೆ ನುಗ್ಗಿ ಬೆಳಗಿನವರೆಗೆ ಅಲ್ಲೇ ಮಲಗುತ್ತದೆ. ಚೂಪು ಅಂಚಿನ ಹವಳದ ಚೂರಿನಲ್ಲಿ ಮೊದಲನೆಯದಕ್ಕೆ ಉಣ್ಣಲಾಗದು, ಎರಡನೆಯದರ ಮೈ ಗೀರುತ್ತದೆ. ಮೀನಿಗೆ ಬೇಕಾದ ನೆಲವನ್ನು ಕೊಡದೆ ಮೀನನ್ನು ತರುವುದು ನನಗೆ ಸರಿಕಾಣುವುದಿಲ್ಲ.

ಬರಿಯ ಚೆಂದಕ್ಕಾಗಿ ಬದಲಿಸುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ. ಮೇಲಿನ ಮರಳು ಕಂದಾಗಿದೆ ಎಂಬುದು ಕಾರಣವಲ್ಲ. ನೀರಿನ ಓಟವನ್ನು ಸರಿಪಡಿಸಿ, ಆಹಾರವನ್ನು ಕಡಿಮೆ ಮಾಡಿ, ಮೇಲ್ಪದರವನ್ನಷ್ಟೇ ಆಗಾಗ ಸೈಫನ್ ಮಾಡಿದರೆ, ಎಂದರೆ ಪೈಪಿನಿಂದ ಕೆಳಗಿನ ಬಕೆಟ್‌ಗೆ ಎಳೆದರೆ, ಅದು ತಿಳಿಯಾಗುತ್ತದೆ. ಚೆನ್ನಾಗಿ ನಡೆಯುತ್ತಿರುವ ಆಳವಾದ ಹಾಸನ್ನಂತೂ ಮುಟ್ಟಲೇಬಾರದು. ಬಾಡಿಗೆ ಮನೆಯನ್ನು ಬದಲಿಸುವಾಗ ಮಾತ್ರ ನನ್ನ ಸಲಹೆ ತಿರುಗುಮುರುಗು. ಆಗ ತೊಟ್ಟಿಯನ್ನು ಹೇಗೂ ಬರಿದು ಮಾಡಲೇಬೇಕು, ಸಾಗಿಸುವಾಗ ಮರಳು ಹೇಗೂ ಕದಡಲೇಬೇಕು. ಕದಡಿದ ಹಳೆಯ ಮರಳನ್ನು ಹೊಸ ಮನೆಯಲ್ಲಿ ಮತ್ತೆ ಹಾಕಿ ಅದರ ಮೇಲೆ ಮೀನು ಬಿಡುವುದಕ್ಕಿಂತ ದೊಡ್ಡ ಅಪಾಯ ಈ ಹವ್ಯಾಸದಲ್ಲಿ ಕಡಿಮೆ. ಹಳೆಯದನ್ನು ಅಲ್ಲಿಯೇ ಕೈಬಿಟ್ಟು, ಕಲ್ಲನ್ನು ಒದ್ದೆಯಾಗಿಟ್ಟು ತಂದು, ಹೊಸ ಮರಳಿನೊಂದಿಗೆ ಕಟ್ಟುವುದೇ ಸರಿ.

ಯಾವ ಮರಳು ಎಂಬ ಪ್ರಶ್ನೆಗೆ ನಮ್ಮಲ್ಲಿ ಕಾನೂನೂ ಉತ್ತರ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ 2001ರಲ್ಲಿ ಬಂಡೆ ಕಟ್ಟುವ ಹವಳಗಳು ಸೇರಿದವು. ಮರಳನ್ನು ಶುಚಿ ಮಾಡುವ ಸಮುದ್ರ ಸೌತೆ ಎಂಬ ಪ್ರಾಣಿಗಳೂ ಆಗಲೇ ಸೇರಿದವು. ಆದ್ದರಿಂದ ನಮ್ಮ ತೀರಗಳಿಂದ ಹವಳದ ಚೂರನ್ನಾಗಲಿ ಸಮುದ್ರ ಸೌತೆಯನ್ನಾಗಲಿ ಎತ್ತಿಕೊಂಡು ಬರುವ ಯೋಚನೆಯೇ ಬೇಡ. ಮಲ್ಪೆ, ಕಾರವಾರದ ಕಡೆಯ ಮರಳನ್ನು ತರಬಹುದೇ ಎಂದು ಕೇಳುವವರಿದ್ದಾರೆ. ತೀರದ ಮರಳು ತೆಗೆಯುವುದಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅಡ್ಡಬರುತ್ತವೆ, ಅಲ್ಲದೆ ನಮ್ಮ ಕರಾವಳಿಯ ಮರಳು ಪಶ್ಚಿಮ ಘಟ್ಟದ ಹೊಳೆಗಳು ತಂದದ್ದು, ಬಹುಪಾಲು ಸ್ಫಟಿಕ ಶಿಲೆಯ ಪುಡಿ. ಹವಳದ ದ್ವೀಪಗಳ ಸುಣ್ಣದ ಮರಳಲ್ಲ. ನಾನು ಕೊಂಡದ್ದು ಆಮದಾದ ಒಣ ಅರಗೊನೈಟ್ ಮರಳು, ಕಣದ ಗಾತ್ರ 1 ಮಿ.ಮೀ. ಸುತ್ತಮುತ್ತ. ಅರಗೊನೈಟ್ ಎಂದರೆ ಹವಳ, ಚಿಪ್ಪುಗಳಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ರೂಪ. ಬಹಾಮಾಸ್‌ನ ಬೆಚ್ಚಗಿನ ತಿಳಿನೀರಿನಲ್ಲಿ ಸಣ್ಣದೊಂದು ಚೂರು ಅಲೆಯೊಂದಿಗೆ ಉರುಳುತ್ತ, ಪದರದ ಮೇಲೆ ಪದರವಾಗಿ ಸುಣ್ಣವನ್ನು ಹಚ್ಚಿಕೊಂಡು ದುಂಡಗಾದ ಕಣಗಳು ಇನ್ನೂ ನುಣುಪು. ಮೀನಿನ ಮೈಗೆ ಬಹಳ ಹಿತ, ಆದರೆ ತೊಟ್ಟಿಯಲ್ಲಿ ನೀರಿನ ಓಟವನ್ನು ಹುಟ್ಟಿಸುವ ವೇವ್‌ಮೇಕರ್ ಪಂಪಿನ ಎದುರು ನಿಲ್ಲುವುದಿಲ್ಲ. ಅರಗೊನೈಟ್ ಹಾಕಿದರೆ ಪಿಎಚ್ 8.2ಕ್ಕೆ ನಿಲ್ಲುತ್ತದೆ ಎಂದು ಚೀಲದ ಮೇಲೆ ಬರೆದಿದ್ದರೂ ನಂಬಬೇಕಿಲ್ಲ. ಕಡಲ ನೀರು ಅರಗೊನೈಟಿನ ಮಟ್ಟಿಗೆ ಆಗಲೇ ತುಂಬಿ ಮಿಕ್ಕಿರುತ್ತದೆ. ಅದರಲ್ಲಿ ಈ ಮರಳು ಕರಗುವುದಿಲ್ಲ. ಕರಗುವುದಿದ್ದರೆ ಉಸಿರಾಟದ ಇಂಗಾಲದ ಡೈಆಕ್ಸೈಡಿನಿಂದ ಪಿಎಚ್ ತೀರ ಇಳಿದ ತಳದ ಪದರದಲ್ಲಿ ಮಾತ್ರ.

ಈಗ ತೆಗೆಯುವ ಕೆಲಸ. ಎರಡು ಅಂಗುಲ ದಪ್ಪದ ನನ್ನ ಹಾಸು ಲೆಕ್ಕ ಹಾಕಿದರೆ ಸುಮಾರು 28 ಲೀಟರ್, ತೂಕದಲ್ಲಿ 40 ಕಿಲೋ ಹತ್ತಿರ. ಇದನ್ನು ಕೈಯಿಂದ, ಡಬ್ಬಿಯಿಂದ, ಮೊರದಂಥ ಯಾವುದರಿಂದಲೂ ಮೊಗೆಯಬಾರದು; ಮೊಗೆದ ಪ್ರತಿ ಬಾರಿಯೂ ಅರ್ಧ ಗಸಿ ನೀರಿಗೆ ಹೋಗುತ್ತದೆ. ಬಾವಿಯ ಹೂಳೆತ್ತುವವರು ಮೊದಲು ನೀರನ್ನು ಬಸಿದು ಆಮೇಲೆ ಇಳಿಯುತ್ತಾರೆ. ಇಲ್ಲಿ ನೀರನ್ನು ಬಸಿಯುವಂತಿಲ್ಲವಾದ್ದರಿಂದ ಮರಳು, ಅದರ ಗಸಿ, ಅದರ ನಡುವಿನ ನೀರು ಮೂರೂ ಒಟ್ಟಿಗೆ ಒಂದೇ ಪೈಪಿನಲ್ಲಿ ಹೊರಹೋಗಬೇಕು. ಅದಕ್ಕೆ ಸೈಫನ್ ಒಂದೇ ದಾರಿ. ಮರಳನ್ನು ತೊಳೆದು ಒಳಗೇ ಬಿಡುವ ಅಗಲ ಬಾಯಿಯ ಕೊಳವೆ ಬೇಡ, ಬರಿಯ ಪೈಪೇ ಸಾಕು. ನುಣುಪು ಮರಳಿಗೆ ಅರ್ಧ ಅಂಗುಲ, ಹವಳದ ಚೂರಿಗೆ ಮುಕ್ಕಾಲು ಅಂಗುಲ ವ್ಯಾಸ ಹೊಂದುತ್ತದೆ. ಅದಕ್ಕಿಂತ ಸಣ್ಣದರಲ್ಲಿ ಚೂರು ಸಿಕ್ಕಿಕೊಳ್ಳುತ್ತದೆ, ದೊಡ್ಡದರಲ್ಲಿ ಮರಳು ಬರುವ ಮೊದಲೇ ನೀರು ಖಾಲಿಯಾಗುತ್ತದೆ. ಪೈಪಿನ ತುದಿಯನ್ನು ಮರಳಿನ ಮೇಲೆ ಎಳೆದಾಡದೆ ನೇರವಾಗಿ ಗಾಜಿನ ತಳದವರೆಗೆ ಇಳಿಸಬೇಕು. ಕೆಳಗಿನ ಕೊಳಕು ಮೊದಲು ಹೋಗಿ ಮೇಲಿನದು ಕುಸಿದು ಅದರ ಜಾಗಕ್ಕೆ ಬರುತ್ತದೆ, ನೀರು ಬಗ್ಗಡವಾಗುವುದಿಲ್ಲ.

ಒಂದು ಸಲಕ್ಕೆ ಎಷ್ಟು ತೆಗೆಯಬೇಕೆಂಬುದನ್ನು ನಾನು ಮರಳಿನಿಂದ ಅಳೆಯಲಿಲ್ಲ, ನೀರಿನಿಂದ ಅಳೆದೆ. ಹತ್ತರಲ್ಲೊಂದು ಪಾಲು ನೀರು, ಎಂದರೆ ಎರಡು ದೊಡ್ಡ ಬಕೆಟ್ ತುಂಬುವಷ್ಟು ಹೋದ ಕೂಡಲೇ ಪೈಪನ್ನು ಎತ್ತಿಬಿಡುವುದು. ಅಷ್ಟರಲ್ಲಿ ಮುಂಗಡೆ ಅರ್ಧ ಅಡಿ ಅಗಲದ ಪಟ್ಟಿಯೊಂದು ತೆರವಾಗಿರುತ್ತದೆ. ಮುಂದಿನ ಪಟ್ಟಿ ಮುಂದಿನ ವಾರದ ನೀರು ಬದಲಾವಣೆಯ ಹೊತ್ತಿಗೆ, ಅದೂ ಅಮೋನಿಯಾ ಸೊನ್ನೆ ಎಂದು ಪರೀಕ್ಷೆ ಹೇಳಿದರೆ ಮಾತ್ರ. ಹೊರಬಂದ ನೀರನ್ನು ಬಟ್ಟೆಯ ಚೀಲದಲ್ಲಿ ಸೋಸಿ ಸಂಪ್‌ಗೇ ಮರಳಿಸಿದರೆ ಒಂದೇ ದಿನ ಎಲ್ಲ ಮರಳನ್ನೂ ತೆಗೆಯಬಹುದಲ್ಲ ಎಂಬ ವಾದವನ್ನು ನಾನು ಬಲ್ಲೆ. ಚೀಲ ಗಸಿಯನ್ನು ಹಿಡಿಯುತ್ತದೆ. ಕರಗಿದ ಅಮೋನಿಯಾ, ಸಲ್ಫೈಡ್, ಫಾಸ್ಫೇಟುಗಳನ್ನು ಹಿಡಿಯುವುದಿಲ್ಲ. ಬೇಡವೆಂದು ಹೊರತೆಗೆದದ್ದನ್ನೇ ತಿರುಗಿ ಸುರಿಯುವ ಆ ವಿಧಾನ ನನಗೆ ಒಪ್ಪಿಗೆಯಾಗುವುದಿಲ್ಲ.

ಹೊಸ ಉಪ್ಪುನೀರನ್ನು ಹಿಂದಿನ ದಿನವೇ ಕಲಸಿ, ಉಷ್ಣತೆ 26 ಡಿಗ್ರಿ, ಲವಣಾಂಶ ಸಾವಿರಕ್ಕೆ 35 ಎಂದು ಖಚಿತಪಡಿಸಿಕೊಂಡು ಇಟ್ಟಿರಬೇಕು. ಪೈಪು ಒಳಗಿರುವಾಗ ವೇವ್‌ಮೇಕರುಗಳು ನಿಂತಿರಲಿ, ಗಾಳಿಯ ಪಂಪ್ ನಡೆಯುತ್ತಿರಲಿ. ಕರೆಂಟು ಹೋಗುವ ಊರಿನಲ್ಲಿ ಆ ಪಂಪ್ ಇನ್ವರ್ಟರಿನ ಮೇಲಿರಲಿ. ಕೆಲಸ ಮುಗಿದ ಮೇಲೆ ಒಂದು ರಾತ್ರಿಯಾದರೂ, ನೊರೆ ಎಬ್ಬಿಸಿ ಕೊಳೆಯನ್ನು ತೆಗೆಯುವ ಸ್ಕಿಮ್ಮರಿಗೆ ಹೆಚ್ಚು ಗಾಳಿ ಸಿಗಲಿ, ಸಂಪ್‌ನಲ್ಲಿ ಹೊಸ ಆಕ್ಟಿವೇಟೆಡ್ ಕಾರ್ಬನ್ ಇರಲಿ.

ಕಲ್ಲುಗಳ ಬುಡದ ಮರಳು ಬೇರೆಯೇ ಕಥೆ. ಕಲ್ಲುಗಳು ಗಾಜಿನ ಮೇಲೆ ಅಥವಾ ಪ್ಲಾಸ್ಟಿಕ್ ಜಾಲರಿಯ ಮೇಲೆ ನಿಂತಿದ್ದರೆ ಸುತ್ತಲಿನದನ್ನು ನಿಶ್ಚಿಂತೆಯಿಂದ ಎಳೆಯಬಹುದು. ಮರಳಿನ ಮೇಲೆಯೇ ನಿಂತಿದ್ದರೆ ಬುಡ ಸಡಿಲವಾಗಿ ಕಲ್ಲಿನ ರಾಶಿ ಗಾಜಿನ ಮೇಲೆ ಉರುಳಬಹುದು. ಒಂದು ಕಲ್ಲು ತಿರುಗಿದರೂ ಅದಕ್ಕೆ ಅಂಟಿದ ಹವಳಗಳ ಬೆಳಕು, ನೀರಿನ ಓಟ ಎರಡೂ ಬದಲಾಗುತ್ತವೆ. ಅಂಥ ಜಾಗದಲ್ಲಿ ಹೊರ ಅಂಚನ್ನು ತೆಳು ಪೈಪಿನಿಂದ ಆದಷ್ಟು ಶುಚಿ ಮಾಡಿ, ಭಾರ ಹೊತ್ತಿರುವ ಮರಳನ್ನು ಹಾಗೆಯೇ ಬಿಡುವುದು ಮೇಲು. ಅಲ್ಲಿ ಉಳಿಯುವ ಒಂದಿಷ್ಟು ಒರಟು ಚೂರಿನಿಂದ ಯಾರಿಗೂ ತೊಂದರೆಯಿಲ್ಲ. ಪಿಸ್ಟಲ್ ಸೀಗಡಿಗಳಿಗಂತೂ ಅದು ವರವೇ. ಬರಿಯ ನುಣುಪು ಮರಳಿನಲ್ಲಿ ಅವುಗಳ ಸುರಂಗ ಕುಸಿಯುತ್ತದೆ, ಚಾವಣಿಗೆ ಚೂರುಗಳೇ ಬೇಕು.

ತೆರವಾದ ಪಟ್ಟಿಗೆ ಆಗಲೇ ಹೊಸ ಮರಳನ್ನು ತುಂಬುತ್ತ ಹೋಗಬೇಕೇ, ಎಲ್ಲ ಹೊರಹೋದ ಮೇಲೆ ತುಂಬಬೇಕೇ ಎಂಬುದರಲ್ಲಿ ಬಲ್ಲವರಲ್ಲೂ ಎರಡು ಪಕ್ಷಗಳಿವೆ. ನಾನು ಎರಡನೆಯ ಪಕ್ಷದವನು. ಅಕ್ಕಪಕ್ಕ ಹಾಕಿದರೆ ನುಣುಪು ಕಣ ಒರಟು ಚೂರಿನ ಸಂದಿಗೆ ಜಾರಿ ಕೆಳಗಿಳಿಯುತ್ತದೆ, ಒರಟು ಮೇಲುಳಿಯುತ್ತದೆ, ಮುಂದಿನ ಸೈಫನ್ನಿಗೆ ಹೊಸದೂ ಹಳೆಯದೂ ಒಟ್ಟಿಗೆ ಹೋಗುತ್ತವೆ. ಬರಿಗಾಜಿನ ತಳದಲ್ಲಿ ಕೆಲವು ವಾರ ತೊಟ್ಟಿ ನಡೆಯುವುದರಿಂದ ಇನ್ನೊಂದು ಪ್ರಯೋಜನವಿದೆ: ಕಲ್ಲುಗಳ ಒಳಗಿನಿಂದ ಉದುರುವ ಗಸಿ ಬಿದ್ದಲ್ಲೇ ಕಾಣುತ್ತದೆ, ಬಿದ್ದಲ್ಲಿಂದಲೇ ಎಳೆಯಬಹುದು. ಆ ದಿನಗಳಲ್ಲಿ ಮರಳಿನಲ್ಲಿ ಮಲಗುವ ಮೀನು ಇದ್ದರೆ ಅದಕ್ಕೊಂದು ಅಗಲವಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂರು ಅಂಗುಲ ಹೊಸ ಮರಳನ್ನು ತುಂಬಿ ಒಂದು ಮೂಲೆಯಲ್ಲಿ ಇಡಬೇಕು. ಹಳದಿ ರ್‍ಯಾಸ್‌ಗಳು ಅದನ್ನು ಬೇಗ ಕಂಡುಕೊಳ್ಳುತ್ತವೆ. ನಸ್ಸೇರಿಯಸ್ ಶಂಖದ ಹುಳುಗಳಿಗೂ ಅದೇ ಆಸರೆ.

ಹಾಕುವ ಕೆಲಸ ತೆಗೆಯುವುದರ ಅರ್ಧದಷ್ಟೂ ಕಷ್ಟದ್ದಲ್ಲ. ಒಣ ಮರಳನ್ನು ಬಕೆಟ್‌ನಲ್ಲಿ ನಲ್ಲಿ ನೀರಿನಿಂದ ತೊಳೆತೊಳೆದು ಹಾಲಿನಂಥ ಬಿಳುಪು ಹೋಗುವವರೆಗೆ ಬಸಿಯಬೇಕು, ಕೊನೆಯ ಸಲ ಆರ್‌ಒ ನೀರು. ಆಮೇಲೆ ಉಪ್ಪುನೀರಿನಲ್ಲಿ ಒಂದು ರಾತ್ರಿ ನೆನೆಸಿಟ್ಟರೆ ಕಣಗಳ ನಡುವಿನ ಗಾಳಿ ಹೊರಹೋಗುತ್ತದೆ. ಹಳೆಯ ಮರಳಿನ ಮೇಲ್ಪದರದಿಂದ, ಕಪ್ಪು ಸೋಕದ ಕಡೆಯಿಂದ, ಒಂದು ಲೋಟದಷ್ಟನ್ನು ಮೊದಲೇ ತೆಗೆದು ಜಾಲರಿಯ ಚೀಲದಲ್ಲಿ ಸಂಪ್‌ನಲ್ಲಿ ಇಟ್ಟಿದ್ದೆ. ಕೊನೆಗೆ ಅದನ್ನು ಹೊಸದರ ಮೇಲೆ ಹರಡಿದೆ. ಅದು ಬ್ಯಾಕ್ಟೀರಿಯಾಕ್ಕಾಗಿ ಅಲ್ಲ, ಅದರಲ್ಲಿರುವ ಸಣ್ಣ ಹುಳುಗಳಿಗಾಗಿ, ಸೀಗಡಿಯ ದೂರದ ಬಂಧುಗಳಾದ ಕೋಪಿಪಾಡು ಎಂಬ ಪುಟ್ಟ ಜೀವಿಗಳಿಗಾಗಿ. ಮರಳನ್ನು ಇಳಿಸಲು ಎರಡು ಅಂಗುಲದ ಪಿವಿಸಿ ಪೈಪನ್ನು ತಳಕ್ಕೆ ತಾಗಿಸಿ ನಿಲ್ಲಿಸಿ, ಮೇಲಿನಿಂದ ಲೋಟ ಲೋಟವಾಗಿ ಸುರಿದು, ಪೈಪನ್ನು ಸ್ವಲ್ಪ ಎತ್ತಿ ಸರಿಸುತ್ತ ಹೋದರೆ ಹವಳಗಳ ಮೇಲೆ ಧೂಳು ಕೂರುವುದಿಲ್ಲ. ಎಷ್ಟೇ ತೊಳೆದರೂ ಮೊದಲ ದಿನ ನೀರು ಮಬ್ಬಾಗಿರುತ್ತದೆ, ಅದಕ್ಕೆ ಹೆದರಬೇಕಿಲ್ಲ. ವೇವ್‌ಮೇಕರುಗಳನ್ನು ಮೇಲ್ಮುಖವಾಗಿ ತಿರುಗಿಸಿ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಕೆಳಗಿಳಿಸಬೇಕು. ಒಂದೂವರೆ ಅಂಗುಲಕ್ಕಿಂತ ದಪ್ಪ ನಾನು ಹಾಕಲಿಲ್ಲ. ಗೋಬಿ ಮಗುಚಿ ಹಾಕುವಷ್ಟು ಆಳವಿದ್ದರೆ ಸಾಕು, ಕಪ್ಪು ಪದರ ಕಟ್ಟುವಷ್ಟು ಬೇಡ.

ಹೊಸ ಮರಳಿನ ಮೊದಲ ತಿಂಗಳುಗಳಲ್ಲಿ ಎರಡು ಸಂಗತಿಗಳು ಬಹಳ ಜನರನ್ನು ಗಾಬರಿಗೊಳಿಸುತ್ತವೆ. ಮೊದಲನೆಯದು ಮರಳಿನ ಮೇಲೆ ಹರಡುವ ಕಂದು ಪುಡಿ, ಡಯಾಟಂ ಪಾಚಿ. ಅದಕ್ಕೆ ಸಿಲಿಕೇಟ್ ಬೇಕು. ಹೊಸ ಮರಳಿನಿಂದ ಒಂದಿಷ್ಟು ಬಂದೀತು, ಆದರೆ ಬೋರ್‌ವೆಲ್ ನೀರನ್ನು ಬಳಸುವ ಮನೆಗಳಲ್ಲಿ ನೀರಿನ ಕಡೆಯೂ ನೋಡಬೇಕು. ಆರ್‌ಒ ಘಟಕದ ಕೊನೆಯಲ್ಲಿ ಉಳಿದ ಲವಣಗಳನ್ನು ಹಿಡಿಯುವ ಡಿಐ ರೆಸಿನ್ ಸವೆಯುವಾಗ ಮೊದಲು ತಪ್ಪಿಸಿಕೊಂಡು ಬರುವವುಗಳಲ್ಲಿ ಸಿಲಿಕೇಟೂ ಒಂದು. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಅದನ್ನು ಸರಿಯಾಗಿ ತೋರಿಸುವುದೂ ಇಲ್ಲ. ರೆಸಿನ್ ಹೊಸದಾಗಿದ್ದರೆ ಕಂದು ತಾನಾಗಿ ಹೋಗುತ್ತದೆ. ಎಳೆ ಎಳೆಯಾಗಿ, ಲೋಳೆಯಾಗಿ, ತುದಿಯಲ್ಲಿ ಗುಳ್ಳೆ ಹಿಡಿದುಕೊಂಡು ಬಂದರೆ ಅದು ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿ ಇರಬಹುದು. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದ ತೊಟ್ಟಿಯಲ್ಲಿ ಅದು ಸುಲಭವಾಗಿ ಮೇಲುಗೈ ಪಡೆಯುತ್ತದೆ. ಹಳೆಯ ಮರಳಿನ ಜೊತೆಗೆ ಫಾಸ್ಫೇಟಿನ ಭಂಡಾರವೂ ಹೋಗಿರುವುದರಿಂದ, ಮೊದಲಿನಿಂದ ನಡೆಸುತ್ತಿದ್ದ ಫಾಸ್ಫೇಟ್ ಹೀರುವ ರಿಯಾಕ್ಟರನ್ನು ಈ ಹೊತ್ತಿಗೆ ನಿಲ್ಲಿಸುವುದೇ ಸರಿ. ನಾನು ಹಾಗೆಯೇ ಮಾಡಿದೆ. ಹಿಂದೆ ಎಷ್ಟು ಹೀರಿದರೂ ಮೇಲೇರುತ್ತಿದ್ದ ಫಾಸ್ಫೇಟ್ ಈಗ ರಿಯಾಕ್ಟರ್ ಇಲ್ಲದೆಯೇ ಕೆಳಮಟ್ಟದಲ್ಲಿ ನಿಂತಿದೆ.

ಎರಡನೆಯದು ಆಲ್ಕಲಿನಿಟಿ (ನೀರಿನಲ್ಲಿರುವ ಕಾರ್ಬೊನೇಟ್, ಬೈಕಾರ್ಬೊನೇಟುಗಳ ಅಳತೆ) ಇದ್ದಕ್ಕಿದ್ದಂತೆ ಇಳಿಯುವುದು. ಸಾವಯವ ಪೊರೆ ಇನ್ನೂ ಕಟ್ಟದ ಹೊಸ ಅರಗೊನೈಟಿನ ಮೈ, ನೀರಿನಲ್ಲಿ ಮಿಕ್ಕಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಬಂದು ಗಟ್ಟಿಯಾಗಲು ನೆಲೆಯಾಗುತ್ತದೆ. ಆಲ್ಕಲಿನಿಟಿಯನ್ನು ಎತ್ತರದಲ್ಲಿಟ್ಟು ನಡೆಸುವವರಿಗೆ ಮರಳು ಕಲ್ಲಿನಂತೆ ಗಟ್ಟಿಕಟ್ಟುವ ತೊಂದರೆಯೂ ಬರಬಹುದು. ಮೆಗ್ನೀಸಿಯಂ 1,300 ಪಿಪಿಎಂ ಸುತ್ತ, ಆಲ್ಕಲಿನಿಟಿ 8 ಡಿಕೆಎಚ್ ಸುತ್ತ ಇದ್ದರೆ ಈ ಕಾಟ ಕಡಿಮೆ. ಮೊದಲ ಕೆಲವು ವಾರ ಇದನ್ನು ದಿನ ಬಿಟ್ಟು ದಿನವಾದರೂ ಅಳೆಯುವುದು ಕ್ಷೇಮ, ಏಕೆಂದರೆ ಹವಳಗಳು ಕಂದು ಪುಡಿಯನ್ನು ಸಹಿಸುತ್ತವೆ, ಆಲ್ಕಲಿನಿಟಿಯ ಏರಿಳಿತವನ್ನು ಸಹಿಸುವುದಿಲ್ಲ.

ಡೈಮಂಡ್ ಗೋಬಿಯನ್ನು ತರುವ ಅವಸರ ಬೇಡ. ಹೊಸ ಮರಳಿನಲ್ಲಿ ಅದಕ್ಕೆ ಸೋಸಿ ತಿನ್ನಲು ಏನೂ ಇರುವುದಿಲ್ಲ, ದಿನವಿಡೀ ದುಡಿದೂ ಅದು ಸೊರಗುತ್ತದೆ. ಗಾಜಿನ ಮೇಲೆ ಕೋಪಿಪಾಡುಗಳು, ಮರಳಿನ ಅಂಚಿನಲ್ಲಿ ಹುಳುಗಳ ಸಣ್ಣ ಬಿಲಗಳು ಕಾಣುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಆಮೇಲೂ ಹೆಪ್ಪುಗಟ್ಟಿಸಿದ ಮೈಸಿಸ್ ಸೀಗಡಿಯನ್ನು ತಳದವರೆಗೆ ಇಳಿಸಿ, ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ತಿನ್ನಿಸಬೇಕು. ಅಂಗಡಿಯಲ್ಲಿ ಅದು ಕೊಟ್ಟದ್ದನ್ನು ತಿನ್ನುವುದನ್ನು ಕಣ್ಣಾರೆ ನೋಡದೆ ಕೊಳ್ಳಬಾರದು.

ಹೊರಬಂದ 40 ಕಿಲೋ ಹಳೆಯ ಹವಳದ ಚೂರನ್ನು ಏನು ಮಾಡುವುದೆಂಬುದು ಉಳಿಯುತ್ತದೆ. ಕೆರೆ, ರಾಜಕಾಲುವೆಗಳಿಗೆ ಎಸೆಯಬಾರದು. ಉಪ್ಪು ಅಲ್ಲಿನ ಜೀವಿಗಳಿಗೆ ಮಾರಕ. ಊರಿಗೆ ಹೋದಾಗ ಕಡಲಿಗೆ ಸುರಿಯುವುದೂ ತಪ್ಪು, ನಮ್ಮ ತೊಟ್ಟಿಗಳಲ್ಲಿ ಬೇರೆ ಬೇರೆ ಸಾಗರಗಳ ಪಾಚಿ, ಹುಳುಗಳು ಬೆರೆತಿರುತ್ತವೆ. ನಾನು ಅದನ್ನು ಸಿಹಿನೀರಿನಲ್ಲಿ ಹಲವು ಸಲ ತೊಳೆದು, ತಾರಸಿಯ ಮೇಲೆ ಹರಡಿ, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗೆ ಒಣಗಿಸಿದೆ. ಉಪ್ಪು ಹೋದ ಮೇಲೆ ಉಳಿಯುವುದು ಬರಿಯ ಸುಣ್ಣದ ಚೂರು. ದೊಡ್ಡ ಚೂರುಗಳನ್ನು ಆರಿಸಿ ಮುಂದೊಂದು ದಿನ ತರಲಿರುವ ಪಿಸ್ಟಲ್ ಸೀಗಡಿಗಾಗಿ ಡಬ್ಬಿಯಲ್ಲಿ ಇಟ್ಟುಕೊಂಡೆ. ಉಳಿದದ್ದು ಕಟ್ಟಡದ ಅವಶೇಷಗಳ ಜೊತೆಗೆ ಹೋಯಿತು.